‘ದೈವವನ್ನು ನಂಬುತ್ತೀರಾ?’ ಎಂದು ಕೇಳಿ ಸೋತಿದ್ದೇನೆ. ಸಂಶೋಧನೆಗೆ ಯಾವ ದಾರಿ ಹಿಡಿಯಲಿ?

ಎಣ್ಮಕಜೆಯವಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ನಾನು ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನವಳು. ಪಿಎಚ್‌ಡಿಗೆ ಸೇರಿ ಒಂದು ವರ್ಷ ಆಯಿತು. ವಿಷಯ ನಮ್ಮ ಊರಿನದ್ದೇ. ಎಂಡೋಸಲ್ಫಾನ್ ಅನ್ನುವ ಕೀಟನಾಶಕದಿಂದ ನೊಂದ ಮನೆಗಳವರು ತಮ್ಮ ಕಷ್ಟವನ್ನು ದೇವರು, ದೈವ, ಕರ್ಮ ಇವುಗಳ ಜೊತೆ ಹೇಗೆ ಇಟ್ಟು ನೋಡುತ್ತಾರೆ ಅನ್ನುವುದು. ಗೇರು ತೋಟಗಳಿಗೆ ಹೆಲಿಕಾಪ್ಟರಿನಲ್ಲಿ ಇಪ್ಪತ್ತು ವರ್ಷಕ್ಕೂ ಜಾಸ್ತಿ ಈ ಮದ್ದು ಬಿಟ್ಟದ್ದು, 2000ದಲ್ಲಿ ಅದು ನಿಂತದ್ದು, 2011ರಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೇ ನಿಷೇಧ ಹಾಕಿದ್ದು ಇಲ್ಲಿ ಎಲ್ಲರಿಗೂ ಗೊತ್ತು. ನಾನು ಹುಟ್ಟುವಾಗ ಹೆಲಿಕಾಪ್ಟರ್ ನಿಂತಿತ್ತು. ಆದರೆ ನೆರೆಮನೆಯ ಅಣ್ಣ ಹಾಸಿಗೆಯಲ್ಲೇ ದೊಡ್ಡವನಾದದ್ದನ್ನು ನೋಡುತ್ತಾ ನಾನು ಶಾಲೆಗೆ ಹೋದವಳು.

ಕಾಯಿಲೆ ಎಂತದ್ದು ಅಂತ ಗೊತ್ತಾಗುವ ಮೊದಲು ಪಡ್ರೆ, ಸ್ವರ್ಗ ಅನ್ನುವ ಊರುಗಳ ಕಡೆ ಎಷ್ಟೋ ಮಂದಿ ಇದು ಜಟಾಧಾರಿ ದೈವದ ಮುನಿಸು ಅಂದುಕೊಂಡಿದ್ದರು. ನನ್ನ ಅಜ್ಜಿಯೂ ಹಾಗೇ ಅಂದುಕೊಂಡಿದ್ದರು. ನನ್ನ ವಿಷಯ ಹುಟ್ಟಿದ್ದು ಅಲ್ಲಿಂದ.

ನನಗೆ ಮಾರ್ಗದರ್ಶನ ಮಾಡುವವರು ಪ್ರಶ್ನಾವಳಿ ಮಾಡು ಅಂದರು. ಐದು ಹಂತದ ಉತ್ತರ ಇರುವಂಥದ್ದು. ‘ಪೂರ್ತಿ ಒಪ್ಪುತ್ತೇನೆ’ಯಿಂದ ‘ಸ್ವಲ್ಪವೂ ಒಪ್ಪುವುದಿಲ್ಲ’ದವರೆಗೆ. ಹಾಗೆ ಮಾಡಿಕೊಂಡು ಮೊದಲಿಗೆ ಹನ್ನೆರಡು ಮನೆಗೆ ಹೋದೆ. ಮೊದಲ ಪ್ರಶ್ನೆ, ‘ನೀವು ದೈವವನ್ನು ನಂಬುತ್ತೀರಾ?’ ಏಳು ಮನೆಯವರು ಇಲ್ಲ ಅಂದರು. ಬರೆದುಕೊಂಡೆ. ಆದರೆ ಅದೇ ಮನೆಗಳಲ್ಲಿ ಗೋಡೆಯ ಮೊಳೆಗೆ ಹರಕೆಯ ಮುಡಿಪು ನೇತಾಡುತ್ತಿತ್ತು. ರಾತ್ರಿ ಅಮ್ಮನಿಗೆ ಹೇಳಿದಾಗ ಅವರು ಕೇಳಿದರು, ‘ಅವರ ತರವಾಡು ಎಲ್ಲಿ ಅಂತ ಕೇಳಿದೆಯಾ?’

ಆಗ ತಲೆಗೆ ಹೋಯಿತು. ನಮ್ಮಲ್ಲಿ ‘ನಂಬುವುದು’ ಅಂದರೆ ಮನಸ್ಸಿನಲ್ಲಿ ಒಪ್ಪುವುದು ಮಾತ್ರ ಅಲ್ಲ. ಆ ದೈವವನ್ನು ಇಟ್ಟುಕೊಂಡು, ಪರ್ವ ಕೊಟ್ಟು, ನಡೆಸಿಕೊಂಡು ಬರುವುದು. ‘ನಂಬಿಕೊಂಡು ಬಂದ ದೈವ’ ಅನ್ನುತ್ತೇವಲ್ಲಾ, ಆ ಅರ್ಥ. ಆ ಏಳು ಮನೆಯವರದ್ದು ಬೇರೆ ಮಾಡಿಕೊಂಡು ಬಂದ ಸಣ್ಣ ಮನೆಗಳು. ದೈವ ಇರುವುದು ದೊಡ್ಡ ಮನೆಯಲ್ಲಿ, ಅಂದರೆ ತರವಾಡಿನಲ್ಲಿ. ಹಾಗಾಗಿ ‘ನಮ್ಮಲ್ಲಿ ಇಲ್ಲ’ ಅಂದಿದ್ದರು. ನಾನು ಅವರನ್ನೆಲ್ಲ ನಾಸ್ತಿಕರ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದೆ. ಇನ್ನೂರು ಮನೆ ಸುತ್ತಿದ್ದರೆ ತಪ್ಪು ಇನ್ನೂರು ಮನೆಯಷ್ಟು ದೊಡ್ಡದಾಗುತ್ತಿತ್ತು. ಟೇಬಲ್ ಮಾತ್ರ ಚಂದ ಕಾಣುತ್ತಿತ್ತು.

ಇನ್ನೊಂದು ಸಂಕಟ ಉಂಟು. ‘ನಿನ್ನ ನಂಬಿಕೆಯನ್ನು ಮನೆಯಲ್ಲಿ ಬಿಟ್ಟು ಕ್ಷೇತ್ರಕಾರ್ಯಕ್ಕೆ ಹೋಗು’ ಅಂತ ಹೇಳುತ್ತಾರೆ. ನಾನು ದೈವಕ್ಕೆ ಕೈಮುಗಿಯುವವಳು. ಮುಗಿಯದವಳ ಹಾಗೆ ನಿಲ್ಲಲು ನನಗೆ ಬರುವುದಿಲ್ಲ. ಪ್ರಶ್ನಾವಳಿಯೋ, ಕೂತು ಮಾತಾಡುವುದೋ? ನಂಬಿಕೆ ಇಟ್ಟುಕೊಂಡು ಸಂಶೋಧನೆ ಮಾಡಬಹುದಾ? ಬೇರೆ ಬೇರೆ ಧರ್ಮದವರು, ಬೇರೆ ಬೇರೆ ಕೆಲಸದವರು ಇಲ್ಲಿದ್ದೀರಿ. ನಿಮ್ಮ ಕಡೆಯಿಂದ ಹೇಗೆ ಕಾಣುತ್ತದೆ ಹೇಳಿ.

ಅಂಕೆಸಂಖ್ಯೆ, ಮಂಜೇಶ್ವರ

ತಂಗಿ, ನಾನು ಸಮುದಾಯ ಆರೋಗ್ಯದಲ್ಲಿ ಅಂಕಿ ಅಂಶದ ಕೆಲಸ ಮಾಡುವವನು. ನಿಮ್ಮ ಪ್ರಶ್ನೆ ಸರಿಯಿರಲಿಲ್ಲ, ಒಪ್ಪಿದೆ. ಆದರೆ ಪ್ರಶ್ನಾವಳಿಯನ್ನೇ ಬಿಸಾಡಬೇಡಿ.

ನಮ್ಮ ಊರಿನ ನೋವು ಹೊರಗಿನವರಿಗೆ ಕಂಡದ್ದು ಯಾರೋ ಲೆಕ್ಕ ಹಾಕಿದ ಮೇಲೆ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಇಲ್ಲಿಗೆ ಬಂದು ಮಾಡಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಮದ್ದು ಬಿದ್ದ ಊರಿನ 117 ಹುಡುಗರು, ಮದ್ದು ಬೀಳದ ಊರಿನ 90 ಹುಡುಗರು. ಎಲ್ಲರೂ 10ರಿಂದ 19 ವರ್ಷದವರು. ಇಬ್ಬರನ್ನೂ ಪಕ್ಕ ಪಕ್ಕ ಇಟ್ಟು ನೋಡಿದಾಗ ಮದ್ದು ಬಿದ್ದ ಊರಿನ ಹುಡುಗರು ಪ್ರಾಯಕ್ಕೆ ಬರುವುದು ತಡವಾಗುತ್ತಿತ್ತು. ಆ 90 ಹುಡುಗರು ಇಲ್ಲದಿದ್ದರೆ ಏನನ್ನೂ ಹೇಳಲು ಆಗುತ್ತಿರಲಿಲ್ಲ. ಹೋಲಿಸಿ ನೋಡುವುದು ಅಂದರೆ ಇದು. ಎಂಡೋಸಲ್ಫಾನ್ ಅಧ್ಯಯನಗಳ ಬಗ್ಗೆ ತಕರಾರುಗಳೂ ಎದ್ದಿವೆ, ಅದು ಬೇರೆ ಮಾತು. ಲೆಕ್ಕ ಎದುರಿಗೆ ಇದ್ದರೆ ತಕರಾರು ಮಾಡಲಿಕ್ಕಾದರೂ ಆಗುತ್ತದೆ.

2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಮೂರು ತಿಂಗಳಲ್ಲಿ ಕೊಡಬೇಕು ಅಂತ ಹೇಳಿತು. ಪಟ್ಟಿಯಲ್ಲಿ ಹೆಸರಿದ್ದವರಿಗೆ ತಾನೇ ಅದು? ಪಟ್ಟಿ ಅಂದರೆ ಎಣಿಕೆ. ದೈವದ ಮುನಿಸು ಅಂತ ಮಾತ್ರ ಬರೆದಿಟ್ಟರೆ ಮದ್ದು ಬಿಟ್ಟವರು ಕೈ ತೊಳೆದುಕೊಂಡು ಹೋಗುತ್ತಾರೆ. ಈ ಭಯ ನನಗೆ ನಿಜವಾಗಿ ಉಂಟು.

ಗಗ್ಗರ

ನಾನು ದೈವ ಕಟ್ಟುವ ಕುಟುಂಬದವನು. ಅಪ್ಪ ದೈವದ ಅಣಿ ಅನ್ನುವ ಅಲಂಕಾರ ಕಟ್ಟುತ್ತಿದ್ದರು, ಅಜ್ಜಿ ತೆಂಬರೆ ವಾದ್ಯ ಹಿಡಿದು ಪಾಡ್ದನ, ಅಂದರೆ ದೈವದ ಕಥೆಯ ಹಾಡು, ಹೇಳುತ್ತಿದ್ದರು. ನಾನು ಈಗ ಡ್ರೈವರ್ ಕೆಲಸ ಮಾಡುತ್ತೇನೆ. ಕಲಿಕೆ ಹತ್ತನೇ ಕ್ಲಾಸು. ಆದರೆ ಈ ವಿಷಯದಲ್ಲಿ ಎರಡು ಮಾತು ಹೇಳಬೇಕು ಅನ್ನಿಸಿತು.

ಒಂದು. ತುಳುವಿನಲ್ಲಿ ದೈವಗಳಿಗೆ ‘ಸತ್ಯೊಲು’ ಅನ್ನುತ್ತೇವೆ. ಸತ್ಯಗಳು ಅಂತ. ಸತ್ಯವನ್ನು ನಂಬುತ್ತೀರಾ ಅಂತ ಕೇಳಿದರೆ ನಮ್ಮ ಅಜ್ಜಿ ನಿಮಗೆ ಹುಷಾರಿಲ್ಲವಾ ಅಂತ ಕೇಳಿ ನೀರು ಕೊಡುತ್ತಿದ್ದರು. ಅವರಿಗೆ ಅದು ಅಭಿಪ್ರಾಯದ ಸಂಗತಿಯೇ ಅಲ್ಲ. ಮಳೆಯ ಬಗ್ಗೆ ಯಾರೂ ಹಾಗೆ ಕೇಳುವುದಿಲ್ಲ ಅಲ್ವಾ?

ಎರಡನೆಯದ್ದು ನನಗೆ ನೋವಿನದ್ದು. ನಾನು ಚಿಕ್ಕವನಿದ್ದಾಗ ಒಬ್ಬರು ಟೇಪ್ ರೆಕಾರ್ಡರ್ ತಂದು ಮೂರು ದಿನ ಅಜ್ಜಿಯಿಂದ ಪಾಡ್ದನ ಹಾಡಿಸಿದರು. ಅಜ್ಜಿ ಹಾಡಿದರು. ಕೆಲವು ಭಾಗ ನೇಮದ ದಿನ, ಅಂದರೆ ದೈವದ ಉತ್ಸವದ ದಿನ, ಮುಖಕ್ಕೆ ಬಣ್ಣ ಹಾಕುವಾಗ ಮಾತ್ರ ಹೇಳುವಂಥದ್ದು. ಅದನ್ನೂ ಬಿಡದೆ ಕೇಳಿ ಹಾಡಿಸಿದರು. ಮನೆಗೆ ಬಂದವರಿಗೆ ಇಲ್ಲ ಅನ್ನುವುದು ಹೇಗೆ ಅಂತ ಅಜ್ಜಿ ಹಾಡಿಬಿಟ್ಟರು. ಆಮೇಲೆ ತುಂಬ ದಿನ ಕೊರಗಿದರು. ತಪ್ಪಾಯಿತು ಅಂತ ಕಾಣಿಕೆ ಹಾಕಿದರು. ಆ ಹಾಡು ಎಲ್ಲಿ ಹೋಯಿತು, ಪುಸ್ತಕ ಆಯಿತಾ, ನಮಗೆ ಗೊತ್ತಿಲ್ಲ. ಬಂದವರು ತಿರುಗಿ ಬರಲಿಲ್ಲ.

ನೇಮಕ್ಕೆ ಮೊದಲು ನಮ್ಮವರಿಗೆ ಎಣ್ಣೆ ಬೂಳ್ಯ ಕೊಡುತ್ತಾರೆ. ಎಣ್ಣೆ, ವೀಳ್ಯ. ಎಲ್ಲರ ಎದುರಿಗೆ ಕೊಡುತ್ತಾರೆ, ಎಲ್ಲರ ಎದುರಿಗೆ ಹಿಡಿಯುತ್ತೇವೆ. ಹಿಡಿದ ಮೇಲೆ ನಾವು ಕಟ್ಟಿಗೆ ಒಳಗಾದೆವು. ಕೊಟ್ಟವರೂ ಒಳಗಾದರು, ನೇಮ ಪೂರ್ತಿ ನಡೆಸಿ ಕೊಡಲೇಬೇಕು. ಅದಾಗದೆ ಯಾರೂ ದೈವದ ಕಾಲಿಗೆ ಕಟ್ಟುವ ಗಗ್ಗರ ಮುಟ್ಟುವುದಿಲ್ಲ. ನೀವು ಕಾಗದಕ್ಕೆ ಸಹಿ ಹಾಕಿಸುವುದು ಇದೇ ತರಹದ್ದಾದರೆ ಹಾಕಿಸಿ. ಸಹಿ ಹಾಕಿದವರಿಗೆ ಮಾತ್ರ ಕಟ್ಟು, ಹಾಕಿಸಿಕೊಂಡವರಿಗೆ ಏನೂ ಇಲ್ಲ ಅಂತಾದರೆ ಅದು ನಮ್ಮ ಲೆಕ್ಕದಲ್ಲಿ ಒಪ್ಪಿಗೆ ಅಲ್ಲ.

ಬೇಳದ ನರ್ಸಕ್ಕ

ಗಗ್ಗರ ಅವರ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ನಾನು ವಾಸಿಯಾಗದ ಕಾಯಿಲೆಯವರನ್ನು ನೋಡಿಕೊಳ್ಳುವ ಪಾಲಿಯೇಟಿವ್‌ನಲ್ಲಿ ಮನೆ ಮನೆಗೆ ಹೋಗುವ ನರ್ಸ್. ಹಾಸಿಗೆ ಹುಣ್ಣಿಗೆ ಡ್ರೆಸ್ಸಿಂಗ್ ಮಾಡುವುದು, ಟ್ಯೂಬ್ ಬದಲಿಸುವುದು. ನಾವು ಹೋಗುವ ಮನೆಗಳಿಗೆ ಸಂಶೋಧನೆಯವರು ಎಷ್ಟು ಸಲ ಬಂದು ಹೋಗಿದ್ದಾರೆ ಅಂದರೆ, ಒಬ್ಬ ಅಮ್ಮ ನಾನು ಗೇಟು ತೆಗೆಯುವಾಗಲೇ ಫೈಲ್ ತಂದು ಇಡುತ್ತಿದ್ದರು. ಮೆಡಿಕಲ್ ಕ್ಯಾಂಪಿನ ಕಾಗದ, ಫೋಟೋ, ಎಲ್ಲ ಆ ಫೈಲಿನಲ್ಲಿ. ನಾನು ಮಗುವಿನ ಕಾಲು ನೋಡಲು ಬಂದವಳು ಅಂತ ಹೇಳಬೇಕಾಯಿತು.

ಒಮ್ಮೆ ಒಂದು ತಂಡ ಬಂತು. ಒಪ್ಪಿಗೆ ಪತ್ರ ಪೂರ್ತಿ ಮಲಯಾಳದಲ್ಲಿ. ಆ ಅಮ್ಮ ಓದಿದ್ದು ಕನ್ನಡ ಶಾಲೆಯಲ್ಲಿ, ಮನೆಮಾತು ತುಳು. ಏನು ಬರೆದಿದೆ ಅಂತ ನನ್ನನ್ನು ಕೇಳಿದರು. ನಾನು ಓದಿ ಹೇಳುವಷ್ಟರಲ್ಲಿ ಅವರು ಸಹಿ ಹಾಕಿ ಆಗಿತ್ತು. ಬೇಗ ಮುಗಿದರೆ ಸಾಕು ಅಂತ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಲ್ಲಿ ಇರುವುದು ಇದಕ್ಕೆ ವಿರುದ್ಧ. ಜನರಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಬೇಕು. ಏಳು ವರ್ಷ ದಾಟಿದ ಮಕ್ಕಳಾದರೆ ತಂದೆತಾಯಿ ಒಪ್ಪಿದರೆ ಸಾಲದು, ಮಗುವನ್ನೂ ಕೇಳಬೇಕು. ಮಾತು ಬಾರದ ಮಗುವನ್ನು ಹೇಗೆ ಕೇಳುವುದು ಅನ್ನುತ್ತೀರಾ? ನಾವು ದಿನಾ ಕೇಳುತ್ತೇವೆ. ಕೈ ಮುಟ್ಟಿದಾಗ ಎಳೆದುಕೊಂಡರೆ ಬೇಡ ಅಂತ. ಮುಖ ತಿರುಗಿಸಿದರೆ ಬೇಡ ಅಂತ. ಆಗ ನಿಲ್ಲಿಸುತ್ತೇವೆ.

ನಾನು ಕ್ರಿಶ್ಚಿಯನ್. ನಮಗೆ ಚಿಕ್ಕಂದಿನಿಂದ ಕಲಿಸಿದ ಮೊದಲ ಮಾತು, ದೇವರು ಮನುಷ್ಯನನ್ನು ತನ್ನ ರೂಪದಲ್ಲಿ ಮಾಡಿದ ಅನ್ನುವುದು. ಆದಿಕಾಂಡದ ಮೊದಲ ಅಧ್ಯಾಯದಲ್ಲಿದೆ. ಬುದ್ಧಿ ಇದ್ದವರನ್ನು, ನಡೆಯಲು ಆಗುವವರನ್ನು ಮಾತ್ರ ಅಂತ ಅಲ್ಲಿ ಬರೆದಿಲ್ಲ. ಹಾಸಿಗೆಯಲ್ಲಿರುವ ಆ ಮಗುವೂ ಪೂರ್ತಿ ಅದೇ ರೂಪ. ಅದನ್ನು ಮಾಹಿತಿ ಸಿಗುವ ಜಾಗ ಅಂತ ನೋಡಲು ನನ್ನ ಮನಸ್ಸು ಒಪ್ಪುವುದಿಲ್ಲ. 1964ರಲ್ಲಿ ಶುರುವಾಗಿ ಆಮೇಲೆ ತಿದ್ದುತ್ತಾ ಬಂದ ಹೆಲ್ಸಿಂಕಿ ಘೋಷಣೆ ವೈದ್ಯರು ತಮಗೆ ತಾವೇ ಹಾಕಿಕೊಂಡ ನಿಯಮ, ಅದರಲ್ಲಿ ದೇವರ ಹೆಸರಿಲ್ಲ. ಆದರೂ ವಿಜ್ಞಾನದ ಲಾಭಕ್ಕಿಂತ ಎದುರಿಗಿರುವ ಮನುಷ್ಯ ದೊಡ್ಡವನು ಅನ್ನುವುದು ಅಲ್ಲಿಯೂ ಬರುತ್ತದೆ.

ತಂಗಿ, ನೀನು ಲೆಕ್ಕ ಮಾಡು, ಮಾತಾಡು, ಯಾವುದಾದರೂ ಸರಿ. ಆದರೆ ಅಮ್ಮನ ಹತ್ತಿರ ‘ದೇವರು ಹೀಗೆ ಯಾಕೆ ಮಾಡಿದ ಅಂತ ಅನ್ನಿಸುತ್ತದೆ’ ಅಂತ ಮಾತ್ರ ನೀನಾಗಿ ಕೇಳಬೇಡ. ಅದು ಅವರ ಬಾಯಿಂದ ಬರುವ ದಿನ ಬರುತ್ತದೆ. ಆ ದಿನ ನೀನು ಅಲ್ಲಿರಬೇಕು ಅಷ್ಟೇ.

ಬದಿಯಡ್ಕದಿಂದ

ಒಂದು ಸಣ್ಣ ಪ್ರಶ್ನೆ. ಇದೆಲ್ಲ ಸರಿ, ಆದರೆ ದೈವ ದೇವರು ಅಂತ ಒಳಗೆ ತಂದರೆ ಅದು ಸಂಶೋಧನೆ ಆಗುತ್ತದಾ? ನಂಬುವವರು ಬರೆದರೆ ಅವರ ಧರ್ಮದ ಪ್ರಚಾರ, ನಂಬದವರು ಬರೆದರೆ ಖಂಡನೆ. ನಡುವೆ ಜಾಗ ಉಂಟಾ? ನಿಜವಾಗಿ ತಿಳಿಯಲು ಕೇಳುತ್ತಿದ್ದೇನೆ.

ಬಲ್ಮಠದ ವಿದ್ಯಾರ್ಥಿ

ನಾನು ಮಂಜೇಶ್ವರದವನು, ಮಂಗಳೂರಿನಲ್ಲಿ ಥಿಯಾಲಜಿ, ಅಂದರೆ ದೇವಶಾಸ್ತ್ರ, ಓದುತ್ತಿದ್ದೇನೆ. ಬದಿಯಡ್ಕದವರ ಪ್ರಶ್ನೆಯೇ ನಮ್ಮ ಕ್ಲಾಸಿನಲ್ಲಿ ಒಂದು ಇಡೀ ಸೆಮಿಸ್ಟರ್ ನಡೆಯಿತು.

ನಡುವೆ ಎರಡು ಮೂರು ಜಾಗ ಉಂಟು. ಸಮಾಜಶಾಸ್ತ್ರಜ್ಞ ಪೀಟರ್ ಬರ್ಗರ್ 1967ರಲ್ಲಿ ಒಂದು ಮಾತು ಹೇಳಿದರು. ಧರ್ಮವನ್ನು ಸಮಾಜಶಾಸ್ತ್ರದಿಂದ ನೋಡುವಾಗ ದೇವರಿಲ್ಲ ಎಂಬಂತೆ ಕೆಲಸ ಮಾಡಬೇಕು, ಕೆಲಸದ ಮಟ್ಟಿಗೆ ಮಾತ್ರ ಅಂತ. ಅವರು ಸ್ವತಃ ಕ್ರೈಸ್ತ ನಂಬಿಕೆಯವರೇ. ಆಮೇಲೆ ಧರ್ಮಗಳ ಅಧ್ಯಯನ ಮಾಡುತ್ತಿದ್ದ ನಿನಿಯನ್ ಸ್ಮಾರ್ಟ್ ಅದನ್ನು ಸ್ವಲ್ಪ ಸಡಿಲ ಮಾಡಿದರು. ಇದೆ ಅಂತಲೂ ಬೇಡ, ಇಲ್ಲ ಅಂತಲೂ ಬೇಡ, ತೀರ್ಪನ್ನು ಬದಿಗಿಟ್ಟು ಜನ ಕಂಡ ಹಾಗೆ ಬರೆಯಿರಿ ಅಂತ. ಬದಿಯಡ್ಕದವರು ಕೇಳಿದ ಜಾಗಕ್ಕೆ ಇದು ಹತ್ತಿರ. ಮೂರನೆಯವರು ಜಾನ್ ಸ್ವಿಂಟನ್. ಮೊದಲು ನರ್ಸ್ ಆಗಿದ್ದವರು, ಆಮೇಲೆ ಥಿಯಾಲಜಿಗೆ ಬಂದವರು. ಅವರು 2006ರಲ್ಲಿ ಹ್ಯಾರಿಯೆಟ್ ಮೋವಟ್ ಜೊತೆ ಬರೆದದ್ದರಲ್ಲಿ ಹೇಳುವುದು, ನಂಬುವ ಸಂಶೋಧಕ ಗುಣಾತ್ಮಕ ವಿಧಾನವನ್ನು, ಅಂದರೆ ಲೆಕ್ಕಕ್ಕಿಂತ ಮಾತು ಕೇಳಿ ತಿಳಿಯುವ ದಾರಿಯನ್ನು, ಅತಿಥಿಯ ಹಾಗೆ ಮನೆಗೆ ಕರೆಯಬೇಕು, ಆದರೆ ಬಂದ ಅತಿಥಿ ಮನೆಯ ಯಜಮಾನ ಆಗಬಾರದು ಅಂತ.

ನನಗೆ ಇಷ್ಟವಾದದ್ದು ಮೂರನೆಯದ್ದು. ಆದರೆ ಅದಕ್ಕೂ ಒಂದು ಅಪಾಯ ಇದೆ. ನಮ್ಮ ಕ್ರೈಸ್ತ ಸಭೆಯ ಚರಿತ್ರೆಯಲ್ಲೇ ಕಾಣುತ್ತದೆ. ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಮೆನ್ನರ್ ಪಾದ್ರಿಗಳು 1886ರಲ್ಲಿ ಪಾಡ್ದನಗಳನ್ನು ತುಳುವಿನಲ್ಲೇ ಅಚ್ಚು ಹಾಕಿಸಿದರು. ಆ ಕೆಲಸಕ್ಕೆ ನಾನು ಕೈಮುಗಿಯುತ್ತೇನೆ. ಬರ್ನೆಲ್ ಅನ್ನುವ ಇಂಗ್ಲಿಷ್ ಅಧಿಕಾರಿ ಕೂಡಿಸಿಟ್ಟ ಪಾಡ್ದನಗಳು ಅವರು ತೀರಿಕೊಂಡ ಮೇಲೆ 1894ರಿಂದ ಇಂಗ್ಲಿಷಿನಲ್ಲಿ ಬಂದವು. ಆ ಬರಹಮಾಲೆಗೆ ಇಟ್ಟ ಹೆಸರೇ ‘ತುಳುವರ ಸೈತಾನ ಪೂಜೆ’ ಅನ್ನುವ ಅರ್ಥದ್ದು. ಗಗ್ಗರಣ್ಣ ಹೇಳಿದ ‘ಸತ್ಯೊಲು’ ಅನ್ನು ಆ ತಲೆಬರಹದ ಪಕ್ಕ ಇಟ್ಟು ನೋಡಿ. ಒಬ್ಬರಿಗೆ ಸತ್ಯ, ಇನ್ನೊಬ್ಬರಿಗೆ ಸೈತಾನ. ಅದರ ಒಳಗಿನ ಹಾಡುಗಳಲ್ಲಿ ಅಂಥದ್ದೇನೂ ಇಲ್ಲ. ಬರೆದುಕೊಂಡವರ ಥಿಯಾಲಜಿ ತಲೆಬರಹದಲ್ಲಿ ಕೂತಿದೆ. ಅವರು ಅದನ್ನು ನಂಬಿಕೆ ಅಂತ ಅಂದುಕೊಳ್ಳಲೇ ಇಲ್ಲ, ಬರೀ ಅನುವಾದ ಅಂದುಕೊಂಡಿದ್ದರು.

ಅದಕ್ಕೇ ನಿಮ್ಮ ಮಾರ್ಗದರ್ಶಕರ ‘ಮನೆಯಲ್ಲಿ ಬಿಟ್ಟು ಹೋಗು’ ಅನ್ನುವ ಮಾತು ನನಗೆ ಹೆದರಿಕೆ ಹುಟ್ಟಿಸುತ್ತದೆ. ಬಿಟ್ಟು ಬಂದೆ ಅಂದುಕೊಂಡ ನಂಬಿಕೆ ಎಲ್ಲಿಂದ ಕೆಲಸ ಮಾಡುತ್ತದೆ ಅಂತ ಕಾಣುವುದೇ ಇಲ್ಲ. ಅದನ್ನು ಮೊದಲ ಪುಟದಲ್ಲೇ ಬರೆಯಿರಿ. ನಾನು ಯಾರು, ಯಾರಿಗೆ ಕೈಮುಗಿಯುತ್ತೇನೆ, ಯಾವ ಉತ್ತರ ಕೇಳಿದರೆ ನನಗೆ ಖುಷಿಯಾಗುತ್ತದೆ, ಯಾವುದು ಕೇಳಿದರೆ ಕಿವಿ ಮುಚ್ಚಿಕೊಳ್ಳುವ ಹಾಗಾಗುತ್ತದೆ. ಓದುವವರು ನಿಮ್ಮನ್ನು ಅಳೆದುಕೊಳ್ಳಲಿ.

ನರ್ಸಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಬೈಬಲಿನಲ್ಲಿ ಯೋಬನ ಗೆಳೆಯರು ಬಂದಾಗ ಮೊದಲು ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದಲ್ಲಿ ಕೂತರು. ಒಂದು ಮಾತೂ ಆಡಲಿಲ್ಲ, ಅವನ ನೋವು ಅಷ್ಟು ದೊಡ್ಡದಿತ್ತು. ಅವರು ಹಾಳಾದದ್ದು ಬಾಯಿ ತೆರೆದು ಕಾರಣ ವಿವರಿಸಲು ಶುರು ಮಾಡಿದ ಮೇಲೆ.

ಅಂಕೆಸಂಖ್ಯೆ, ಮಂಜೇಶ್ವರ

ಚೆನ್ನಾಗಿ ಬರೆದಿರಿ ಬ್ರದರ್. ಆದರೂ ನನ್ನ ಪ್ರಶ್ನೆ ಹಾಗೇ ಉಳಿಯಿತು. ಜಟಾಧಾರಿಯ ಮುನಿಸು, ಎಂಡೋಸಲ್ಫಾನ್. ಕಾರಣ ಒಂದೇ ಇರಬೇಕಲ್ಲಾ. ಎರಡನ್ನೂ ಒಟ್ಟಿಗೆ ಬರೆದರೆ ಓದುವವನಿಗೆ ಎಂತ ಅರ್ಥವಾಗಬೇಕು?

ಎಣ್ಮಕಜೆಯವಳು

ಸರ್, ಇದಕ್ಕೆ ಆ ಹನ್ನೆರಡು ಮನೆಯಲ್ಲಿ ಒಬ್ಬರು ಅಜ್ಜ ಉತ್ತರ ಕೊಟ್ಟಿದ್ದರು. ಆಗ ನನಗೆ ಅದು ಉತ್ತರ ಅಂತ ಗೊತ್ತಾಗಲಿಲ್ಲ. ಹಾಳೆಯಲ್ಲಿ ಬರೆಯಲು ಜಾಗ ಇರಲಿಲ್ಲ, ಅಂಚಿನಲ್ಲಿ ಗೀಚಿಕೊಂಡಿದ್ದೆ.

‘ಕಾಯಿಲೆ ಬಂದದ್ದು ಮದ್ದಿನಿಂದಲಾ, ದೈವದಿಂದಲಾ?’ ಅಂತ ಕೇಳಿದ್ದೆ. ಅಜ್ಜ ಹೇಳಿದರು, ‘ಮದ್ದಿನಿಂದಲೇ ಮಗಳೇ. ದೈವದ ಗುಡ್ಡಕ್ಕೆ ಮದ್ದು ಬಿಟ್ಟರೆ ದೈವ ಸುಮ್ನೆ ಇರುತ್ತದಾ?’

ನಾನು ‘ಎರಡೂ’ ಅಂತ ಒಂದು ಕಾಲಂ ಮಾಡಿ ಟಿಕ್ ಹಾಕಿದೆ. ಈಗ ಓದಿದರೆ ನಾಚಿಕೆಯಾಗುತ್ತದೆ. ಅವರು ‘ಎರಡೂ’ ಅಂದಿರಲಿಲ್ಲ. ನೆಲ ಯಾರದ್ದು, ಯಾರನ್ನು ಕೇಳಿ ಅದರ ಮೇಲೆ ವಿಷ ಹಾಕಿದಿರಿ ಅಂತ ಕೇಳುತ್ತಿದ್ದರು.

ಇನ್ನೊಬ್ಬರು ಅಮ್ಮ. ‘ಎಲ್ಲ ನಮ್ಮ ಕರ್ಮ’ ಅಂದರು. ನನ್ನ ಹಾಳೆಯ ಪ್ರಕಾರ ಅದು ವಿಧಿಗೆ ತಲೆಬಾಗಿದವರ ಉತ್ತರ. ಅವರೇ 2019ರಲ್ಲಿ ಬೇರೆ ಅಮ್ಮಂದಿರ ಜೊತೆ ತಿರುವನಂತಪುರಕ್ಕೆ ಹೋಗಿ ಸೆಕ್ರೆಟೇರಿಯೇಟ್ ಮುಂದೆ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತವರು. ತಲೆಬಾಗಿದವರು ರಾತ್ರಿ ರೈಲು ಹತ್ತಿ ಅಷ್ಟು ದೂರ ಹೋಗುತ್ತಾರಾ? ಅವರು ಕರ್ಮ ಅಂದಾಗ ಏನು ಹೇಳುತ್ತಿದ್ದರು ಅಂತ ನನಗೆ ಈಗಲೂ ಗೊತ್ತಿಲ್ಲ. ಕೇಳಲು ಹಾಳೆಯಲ್ಲಿ ಪ್ರಶ್ನೆಯೇ ಇರಲಿಲ್ಲ.

ಬಲ್ಮಠದ ವಿದ್ಯಾರ್ಥಿ

ಆ ಅಜ್ಜನ ಮಾತು ಓದಿ ಮಾನವಶಾಸ್ತ್ರಜ್ಞ ಇವಾನ್ಸ್ ಪ್ರಿಚರ್ಡ್ ನೆನಪಾದರು. ಸುಡಾನಿನ ಅಜಾಂಡೆ ಜನರ ಬಗ್ಗೆ 1937ರಲ್ಲಿ ಬರೆದವರು. ಧಾನ್ಯದ ಕಣಜ ಕುಸಿದು ಅದರ ಅಡಿ ಕೂತವರಿಗೆ ಪೆಟ್ಟಾಗುತ್ತದೆ. ಕಂಬಕ್ಕೆ ಗೆದ್ದಲು ಹಿಡಿದಿತ್ತು ಅಂತ ಅಜಾಂಡೆಯವರಿಗೂ ಗೊತ್ತು. ಅವರು ಕೇಳುವುದು, ಇವರೇ ಕೂತಾಗ, ಆ ಹೊತ್ತಿಗೇ ಯಾಕೆ ಬಿತ್ತು ಅಂತ. ಗೆದ್ದಲು ಅದಕ್ಕೆ ಉತ್ತರ ಕೊಡುವುದಿಲ್ಲ. ನಿಮ್ಮ ಅಜ್ಜ ಅದಕ್ಕಿಂತಲೂ ಮುಂದೆ ಹೋಗಿದ್ದಾರೆ. ಅವರದ್ದು ನ್ಯಾಯದ ಪ್ರಶ್ನೆ.

ಪೆರ್ಲದ ಮಾಷ್ಟ್ರು

ಮಕ್ಕಳೇ, ನಾನು ನಿವೃತ್ತ ಕನ್ನಡ ಮಾಷ್ಟ್ರು. ಮೊಬೈಲಿನಲ್ಲಿ ಬರೆಯುವುದು ನಿಧಾನ, ಹಾಗಾಗಿ ತಡವಾಯಿತು.

ಹೊರಗಿನ ಪಂಡಿತರ ಹೆಸರುಗಳನ್ನು ಓದಿ ಸಂತೋಷವಾಯಿತು. ಆದರೆ ಯಾವುದನ್ನು ಯಾವುದರಿಂದ ತಿಳಿಯಬೇಕು ಅನ್ನುವ ಚರ್ಚೆ ಈ ಮಣ್ಣಿನಲ್ಲೂ ನಡೆದದ್ದೇ. ಕುಂಬಳೆಯ ಜಯಸಿಂಹ ರಾಜನ ಕಾಲದಲ್ಲಿ ಮಧ್ವಾಚಾರ್ಯರು ನಮ್ಮ ಸೀಮೆಗೆ ಬಂದು ತ್ರಿವಿಕ್ರಮ ಪಂಡಿತರ ಜೊತೆ ವಾದ ಮಾಡಿದರು. ಪಂಡಿತರು ಕೊನೆಗೆ ಅವರ ಶಿಷ್ಯರಾದರು. ಆ ವಾದದ ತಳದಲ್ಲಿ ಇದ್ದದ್ದು ಪ್ರಮಾಣದ ಪ್ರಶ್ನೆ. ಪ್ರಮಾಣ ಅಂದರೆ ತಿಳಿವು ಬರುವ ದಾರಿ.

ಮಧ್ವರು ಮೂರೇ ದಾರಿ ಒಪ್ಪಿದರು. ಕಂಡದ್ದು, ಊಹಿಸಿದ್ದು, ಶಾಸ್ತ್ರ ಹೇಳಿದ್ದು. ಅದ್ವೈತಿಗಳು ಆರು ಒಪ್ಪುತ್ತಾರೆ, ಅದು ಈಗ ಬೇಡ. ಮಧ್ವರಲ್ಲಿ ನನಗೆ ತುಂಬ ಹಿಡಿಸಿದ್ದು ಎರಡು ಸಂಗತಿ. ಮೊದಲನೆಯದ್ದು, ಯಾವುದರ ಮೇಲೆ ನಿಂತಿದ್ದೀಯೋ ಅದನ್ನು ಕಡಿಯಬೇಡ ಅನ್ನುವುದು. ಶಾಸ್ತ್ರವನ್ನು ಅರ್ಥ ಮಾಡಿಕೊಳ್ಳಲು ಕಣ್ಣು ಕಿವಿ ಬೇಕು ತಾನೇ? ಹಾಗಾದರೆ ಕಣ್ಣಿಗೆ ಕಂಡ ನಿಜವನ್ನು ಶಾಸ್ತ್ರದ ಹೆಸರಲ್ಲಿ ಸುಳ್ಳು ಅನ್ನುವ ಹಾಗಿಲ್ಲ. ಮಂಜೇಶ್ವರದ ಲೆಕ್ಕದವರಿಗೆ ಇದು ಧೈರ್ಯದ ಮಾತು. 117 ಮಕ್ಕಳಲ್ಲಿ ಕಂಡದ್ದನ್ನು ಯಾವ ದೇವರ ಹೆಸರಲ್ಲೂ ಅಳಿಸಲು ಬರುವುದಿಲ್ಲ.

ಎರಡನೆಯದ್ದು ಸಾಕ್ಷಿ. ನಮಗೆ ಆಗುವ ಸುಖ, ನೋವು ನೇರವಾಗಿ ನಮ್ಮ ಒಳಗಿನ ಸಾಕ್ಷಿಗೆ ತಿಳಿಯುತ್ತದೆ ಅನ್ನುತ್ತಾರೆ ಅವರು. ಹಗ್ಗವನ್ನು ಹಾವು ಅಂತ ಕಣ್ಣು ತಪ್ಪು ಮಾಡಬಹುದು. ನನಗೆ ನೋಯುತ್ತಿದೆ ಅನ್ನುವುದರಲ್ಲಿ ಸಾಕ್ಷಿ ತಪ್ಪುವುದಿಲ್ಲ. ಮಗಳೇ, ಆ ಅಮ್ಮ ನನಗೆ ಹೀಗೆ ನೋಯುತ್ತಿದೆ ಅಂದರೆ ಅದು ಅಭಿಪ್ರಾಯ ಅಲ್ಲ. ಅದಕ್ಕೆ ಐದು ಹಂತದ ಒಪ್ಪುತ್ತೇನೆ, ಒಪ್ಪುವುದಿಲ್ಲ ಇಡಲು ಬರುವುದಿಲ್ಲ. ಅದಕ್ಕೆ ಬೇರೆ ಪ್ರಮಾಣವೂ ಬೇಡ. ಬರೆದುಕೊಂಡು ಬರಬೇಕು ಅಷ್ಟೇ. ಆದರೆ ಯಾಕೆ ನೋವು ಬಂತು ಅನ್ನುವಲ್ಲಿ ಅವರೂ ಊಹೆ ಮಾಡುತ್ತಾರೆ. ಊಹೆ ತಪ್ಪಬಹುದು. ಅಲ್ಲಿ ಲೆಕ್ಕದವರನ್ನು ಕರೆ.

ನಿನ್ನ ಬರವಣಿಗೆಯಲ್ಲಿ ಈ ಎರಡನ್ನು ಬೇರೆ ಬೇರೆ ಇಡು. ಎರಡನ್ನೂ ಒಂದೇ ಹಾಳೆಯಲ್ಲಿ ಕೇಳಿದ್ದೇ ಅಲ್ಲಿ ಗಂಟಾದದ್ದು ಅಂತ ನನಗೆ ಕಾಣುತ್ತದೆ.

ಅಂಕೆಸಂಖ್ಯೆ, ಮಂಜೇಶ್ವರ

ಮಾಷ್ಟ್ರೇ, ನಮ್ಮ ಪಾಠದಲ್ಲಿ ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ನಾನು ಒಪ್ಪುತ್ತೇನೆ. ತಂಗಿ, ಮನೆಗಳ ಎಣಿಕೆ, ವಯಸ್ಸು, ತೋಟದಿಂದ ಎಷ್ಟು ದೂರ, ಕುಡಿಯುವ ನೀರು ಗುಡ್ಡ ಕೊರೆದ ಸುರಂಗದ್ದೋ ತೋಡಿನದ್ದೋ, ಪಟ್ಟಿಯಲ್ಲಿ ಹೆಸರಿದೆಯೋ ಇಲ್ಲವೋ, ಇಷ್ಟನ್ನು ಹಾಳೆಯಲ್ಲಿ ಇಡಿ. ದೈವ, ದೇವರು, ಕರ್ಮ ಹಾಳೆಯಿಂದ ತೆಗೆದುಬಿಡಿ. ಹಾಳೆ ಮಾಡುವಾಗ ನಾನು ಸಹಾಯ ಮಾಡುತ್ತೇನೆ.

ತಳಂಗರೆ ಕಡಲು

ಅಸ್ಸಲಾಮು ಅಲೈಕುಂ, ಎಲ್ಲರಿಗೂ. ನಾನು ಮಸೀದಿಯ ದರ್ಸಿನಲ್ಲಿ ಓದಿ ಈಗ ಶಾಲೆಯಲ್ಲಿ ಪಾಠ ಮಾಡುತ್ತಿದ್ದೇನೆ. ನಿಮ್ಮ ಪಟ್ಟಿಯಲ್ಲಿ ನಮ್ಮವರ ಮನೆಗಳೂ ಇರುತ್ತವೆ, ಹಾಗಾಗಿ ಸೇರಿಸುತ್ತೇನೆ.

ಹದೀಸ್, ಅಂದರೆ ಪ್ರವಾದಿಯವರ ಮಾತುಗಳನ್ನು, ಓದುವಾಗ ನಮಗೆ ಮೊದಲು ಕಲಿಸುವುದು ಇಸ್ನಾದ್. ಈ ಮಾತನ್ನು ಯಾರು ಯಾರಿಂದ ಕೇಳಿದರು, ಅವರು ಯಾರಿಂದ ಕೇಳಿದರು ಅನ್ನುವ ಸರಪಳಿ. ಮಾತು ಎಷ್ಟೇ ಚಂದ ಇದ್ದರೂ ಸರಪಳಿಯಲ್ಲಿ ಒಬ್ಬರು ತಪ್ಪಿಹೋದರೆ ಅದರ ಬಲ ಕಡಿಮೆ. ನೀವು ‘ಊರಿನವರು ಜಟಾಧಾರಿಯ ಮುನಿಸು ಅಂದುಕೊಂಡಿದ್ದರು’ ಅಂತ ಬರೆದಿರಿ. ಯಾರು ಹೇಳಿದ್ದು? ತಮ್ಮ ಕಿವಿಯಲ್ಲಿ ಕೇಳಿದ್ದಾ, ಪತ್ರಿಕೆಯಲ್ಲಿ ಓದಿದ್ದಾ? ನಮ್ಮೂರಿನ ಕಥೆ ಪತ್ರಿಕೆಗೆ ಹೋಗಿ, ಅಲ್ಲಿಂದ ಕಥೆ ಕಾದಂಬರಿಗೆ ಹೋಗಿ, ತಿರುಗಿ ನಮ್ಮೂರಿಗೇ ಬಂದಿದೆ. ಈಗಿನ ಹುಡುಗರು ಹೇಳುವುದು ಅಜ್ಜಿಯಿಂದ ಕೇಳಿದ್ದೋ, ಓದಿದ್ದೋ ಅಂತ ಅವರಿಗೇ ಗೊತ್ತಿರುವುದಿಲ್ಲ. ಪ್ರತಿ ಮಾತಿನ ಪಕ್ಕ ಸರಪಳಿ ಬರೆದಿಡಿ.

ಇನ್ನೊಂದು, ಗೀಬತ್. ಎದುರಿಗೆ ಇಲ್ಲದವರ ಬಗ್ಗೆ ಅವರಿಗೆ ಇಷ್ಟವಾಗದ ಮಾತು ಆಡುವುದು. ಅದು ನಿಜವಾಗಿದ್ದರೂ ಪಾಪ. ಸಂದರ್ಶನದಲ್ಲಿ ಇದು ತುಂಬ ಆಗುತ್ತದೆ. ‘ಆ ಮನೆಯವರಿಗೆ ದುಡ್ಡು ಸಿಕ್ಕಿತು, ಅವರ ಮಗುವಿಗೆ ಎಂಡೋಸಲ್ಫಾನ್ ಅಲ್ಲ, ಬೇರೆ ಏನೋ’ ಅಂತ ನೆರೆಮನೆಯವರು ಹೇಳುತ್ತಾರೆ. ಹೇಳಿದವರು ಸಹಿ ಹಾಕಿದ್ದಾರೆ. ಯಾರ ಬಗ್ಗೆ ಹೇಳಿದರೋ ಅವರು ಹಾಕಿಲ್ಲ. ಅದನ್ನು ಬರೆಯಬೇಡಿ. ರೆಕಾರ್ಡ್ ಆಗಿದ್ದರೂ ಅಳಿಸಿ.

ನಂಬಿಕೆಯನ್ನು ಮನೆಯಲ್ಲಿ ಬಿಡುವ ಬಗ್ಗೆ, ನಮ್ಮಲ್ಲಿ ಕೆಲಸದ ಮೊದಲು ನಿಯ್ಯತ್ ಸರಿ ಮಾಡಿಕೋ ಅನ್ನುತ್ತಾರೆ. ಯಾಕೆ ಮಾಡುತ್ತಿದ್ದೇನೆ ಅಂತ ಮನಸ್ಸಿನಲ್ಲಿ ನೆಟ್ಟಗೆ ಮಾಡಿಕೊಳ್ಳುವುದು. ಬುಖಾರಿಯ ಹದೀಸ್ ಸಂಗ್ರಹದ ಮೊದಲ ಹದೀಸೇ ಅದು. ಬಲ್ಮಠದ ಸಹೋದರ ಹೇಳಿದ ಮೊದಲ ಪುಟ ಅದೇ ಅಂತ ನನಗನ್ನಿಸಿತು.

ಗಗ್ಗರ

ತಳಂಗರೆಯ ಮಾಷ್ಟ್ರು ಹೇಳಿದ ಸರಪಳಿ ಪಾಡ್ದನಕ್ಕೂ ಉಂಟು. ಯಾರಿಂದ ಕಲಿತೆ ಅಂತ ಹೇಳದೆ ಅಜ್ಜಿ ಶುರು ಮಾಡುತ್ತಿರಲಿಲ್ಲ. ಕುಂಬಳೆ ಆರಿಕ್ಕಾಡಿಯಲ್ಲಿ ಆಲಿ ದೈವದ ಕೋಲ ಆಗುತ್ತದೆ, ನೋಡಿದ್ದೀರಾ? ನಿಮ್ಮವರ ಹೆಸರಿನ ದೈವ, ನಮ್ಮ ಕಡೆಯ ಕೋಲ. ತಂಗಿ, ನಿಮ್ಮ ಹಾಳೆಯಲ್ಲಿ ‘ಧರ್ಮ’ ಅಂತ ಒಂದು ಕಾಲಂ ಇದ್ದರೆ ಅದರ ಬಗ್ಗೆಯೂ ಸ್ವಲ್ಪ ಯೋಚಿಸಿ. ಕಷ್ಟ ಬಂದಾಗ ಜನ ಒಂದೇ ಬಾಗಿಲು ತಟ್ಟುವುದಿಲ್ಲ. ಮಧೂರು ದೇವಸ್ಥಾನಕ್ಕೂ ಹೋಗುತ್ತಾರೆ, ಮಾಲಿಕ್ ದೀನಾರ್ ಮಸೀದಿಗೂ ಹೋಗುತ್ತಾರೆ, ಬೇಳದ ಇಗರ್ಜಿಗೂ ಮೊಂಬತ್ತಿ ಕೊಡುತ್ತಾರೆ.

ಎಣ್ಮಕಜೆಯವಳು

ನಿನ್ನೆ ರಾತ್ರಿ ಎಲ್ಲರದ್ದೂ ಎರಡು ಸಲ ಓದಿದೆ. ಇವತ್ತು ಮಾರ್ಗದರ್ಶಕರ ಹತ್ತಿರ ಮಾತಾಡಿದೆ. ಅವರು ಮೊದಲು ಒಪ್ಪಲಿಲ್ಲ. ಹನ್ನೆರಡು ಮನೆಯ ಹಾಳೆಗಳನ್ನು ತೋರಿಸಿ, ಆ ಅಜ್ಜನ ಮಾತನ್ನು ಓದಿ ಹೇಳಿದೆ. ಆಮೇಲೆ ಅವರು ತುಂಬ ಹೊತ್ತು ಆ ಅಂಚಿನ ಗೀಚನ್ನೇ ನೋಡಿದರು. ಸರಿ, ಹೊಸದಾಗಿ ಬರೆದುಕೊಂಡು ಬಾ ಅಂದರು.

ಈಗ ಅಂದುಕೊಂಡದ್ದು ಹೀಗೆ. ಲೆಕ್ಕದ ಹಾಳೆ ಚಿಕ್ಕದು, ಮಂಜೇಶ್ವರದ ಸರ್ ಹೇಳಿದಷ್ಟು ಮಾತ್ರ. ಒಪ್ಪಿಗೆ ಪತ್ರ ಕನ್ನಡ, ಮಲಯಾಳ ಎರಡರಲ್ಲೂ. ತುಳುವಿನಲ್ಲಿ ಓದಿ ಹೇಳುತ್ತೇನೆ. ಅದರಲ್ಲಿ ನನ್ನ ಕಟ್ಟನ್ನೂ ಬರೆಯುತ್ತೇನೆ. ಬರೆದದ್ದನ್ನು ತಂದು ಓದಿ ಹೇಳುತ್ತೇನೆ, ಬೇಡ ಅಂದ ಭಾಗ ತೆಗೆಯುತ್ತೇನೆ, ಪುಸ್ತಕವಾದರೆ ಒಂದು ಪ್ರತಿ ಆ ಮನೆಗೆ ಅಂತ. ಗಗ್ಗರಣ್ಣ, ನಿಮ್ಮ ಅಜ್ಜಿಯ ಹಾಡು ಎಲ್ಲಿದೆ ಅಂತ ಹುಡುಕಲು ನನ್ನಿಂದ ಆದಷ್ಟು ನೋಡುತ್ತೇನೆ. ಗ್ರಂಥಾಲಯಗಳಲ್ಲಿ ಹಳೆಯ ಕ್ಯಾಸೆಟ್ಟುಗಳು ಇರುತ್ತವೆ. ಸಿಕ್ಕಿದರೆ ಮೊದಲು ನಿಮಗೆ ತಿಳಿಸುತ್ತೇನೆ, ಬೇರೆ ಯಾರಿಗೂ ಹೇಳುವುದಿಲ್ಲ.

ಕಡಿಮೆ ಮನೆಗಳಿಗೆ ಹೋಗುತ್ತೇನೆ, ಜಾಸ್ತಿ ಸಲ ಹೋಗುತ್ತೇನೆ. ಪತ್ತನಾಜೆ ಕಳೆದ ಮೇಲೆ ಹೋಗಬೇಕು ಅಂತಿದ್ದೇನೆ. ನೇಮಗಳೆಲ್ಲ ಮುಗಿದಿರುತ್ತವೆ, ಮಳೆ ಶುರುವಾದರೆ ಜನ ಮನೆಯಲ್ಲೇ ಇರುತ್ತಾರೆ. ಮೊದಲ ಪ್ರಶ್ನೆ ‘ನಿಮ್ಮ ತರವಾಡು ಎಲ್ಲಿ?’ ಅಂತ. ಎರಡನೆಯದ್ದು ಇನ್ನೂ ಬರೆದಿಲ್ಲ.

ಬೇಳದ ನರ್ಸಕ್ಕ

ಎರಡನೆಯದ್ದು ಈಗ ಬರೆಯಬೇಡ ತಂಗಿ. ಪತ್ತನಾಜೆಯವರೆಗೂ ಕಾಯಬೇಡ. ಗುರುವಾರ ನಮ್ಮ ಹೋಂ ಕೇರ್ ಜೀಪು ನಿಮ್ಮ ಕಡೆಗೇ ಬರುತ್ತದೆ. ಅಲ್ಲಿ ಮಗು ಮಲಗಿರುವ ಒಂದು ಮನೆಯವರನ್ನು ನಾನು ಮೊದಲು ಕೇಳುತ್ತೇನೆ, ಅವರು ಒಪ್ಪಿದರೆ ನನ್ನ ಜೊತೆ ಬಾ. ನೋಟ್‌ಬುಕ್ ಬೇಡ, ರೆಕಾರ್ಡರ್ ಬೇಡ. ನೀರು ಕಾಯಿಸುವುದು, ಬಟ್ಟೆ ಮಡಚುವುದು ಇರುತ್ತದೆ.

ಎಣ್ಮಕಜೆಯವಳು

ಬರುತ್ತೇನೆ ಅಕ್ಕ. ಮಗುವಿಗೆ ಏನಾದರೂ ತರಲಾ? ಹಣ್ಣು?

ಬೇಳದ ನರ್ಸಕ್ಕ

ಹಣ್ಣು ಬೇಡ, ಅದಕ್ಕೆ ನುಂಗಲು ಆಗುವುದಿಲ್ಲ. ರಾಗಿ ಮಣ್ಣಿ ಮಾಡಲು ಬರುತ್ತದಾ? ತೆಳ್ಳಗೆ ಮಾಡಿ, ಎರಡು ಸಲ ಸೋಸಿ, ಫ್ಲಾಸ್ಕಿನಲ್ಲಿ ಹಾಕಿಕೊಂಡು ಬಾ. ಎಂಟೂವರೆಗೆ ಪೆರ್ಲ ಬಸ್‌ಸ್ಟ್ಯಾಂಡಿನ ಹತ್ತಿರ ನಿಂತಿರು.